ಲಾಲ್‌ಬಾಗಿಗೆ ಹೋಗಿ ಬಂದೆವು

ನಮ್ಮದು ಶಿರಾ ಸೀಮೆಯ ಒಂದು ಹಳ್ಳಿ. ರಾತ್ರಿ ಹೊತ್ತು ಕಲಿಕೆ ಕೇಂದ್ರಕ್ಕೆ ಬರುವ ಹೆಣ್ಣುಮಕ್ಕಳು ನಾವು ಹದಿನಾಲ್ಕು ಜನ. ಎಲ್ಲರಿಗಿಂತ ಹಿರಿಯರು ದೊಡ್ಡಮ್ಮ. ಊರಿಗೆಲ್ಲ ಅವರು ದೊಡ್ಡಮ್ಮನೇ.

"ಪುಸ್ತಕದ ಅಕ್ಷರ ಓದಿದ್ದು ಸಾಕು. ಊರಾಚೆಯ ಅಕ್ಷರ ಓದೋಣ ನಡೀರಿ" ಅಂದರು ನಮ್ಮ ಟೀಚರಮ್ಮ. ಬೆಂಗಳೂರಿನ ಲಾಲ್‌ಬಾಗ್ ನೋಡುವುದು ಅಂತ ತೀರ್ಮಾನ ಆಯಿತು.

ನಸುಕಿನಲ್ಲೇ ಎದ್ದು ಬುತ್ತಿ ಕಟ್ಟಿದೆವು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಚಿತ್ರಾನ್ನ. ಸರ್ಕಾರಿ ಬಸ್ಸು ಹತ್ತಿದೆವು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಅಂದಿನಿಂದ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ. ಆದರೂ ಟಿಕೆಟ್ ಕೇಳಿ ತೆಗೆದುಕೊಳ್ಳಬೇಕು. ಗುರುತಿನ ಚೀಟಿ ಜೊತೆಗಿರಬೇಕು.

ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೊ ರೈಲು ಹತ್ತಿದೆವು. ಅದಕ್ಕೆ ದುಡ್ಡು ಕೊಡಬೇಕು. ಒಂದೊಂದು ನಿಲ್ದಾಣ ಬಂದಾಗಲೂ ನಾವು ಬೋರ್ಡು ಓದಿದೆವು. ಚಿಕ್ಕಪೇಟೆ. ಕೃಷ್ಣರಾಜೇಂದ್ರ ಮಾರುಕಟ್ಟೆ. ನ್ಯಾಷನಲ್ ಕಾಲೇಜು. ಲಾಲ್‌ಬಾಗ್. "ಇಳೀರಿ, ಇಳೀರಿ!" ಅಂತ ಮೊದಲು ಕೂಗಿದ್ದು ದೊಡ್ಡಮ್ಮ. ರೈಲಿನಲ್ಲಿದ್ದವರು ನಕ್ಕರು. ನಾವೂ ನಕ್ಕೆವು.

ಲಾಲ್‌ಬಾಗ್ ಎಷ್ಟು ದೊಡ್ಡದು ಗೊತ್ತೆ? 240 ಎಕರೆ. ನಮ್ಮಲ್ಲಿ ಬಹಳ ಜನಕ್ಕೆ ಇರುವುದು ಎರಡೆರಡು ಎಕರೆ ಹೊಲ. ಅಂಥ 120 ಹೊಲ ಸೇರಿದರೆ ಒಂದು ಲಾಲ್‌ಬಾಗ್.

ಈ ತೋಟವನ್ನು 1760ರಲ್ಲಿ ಶುರು ಮಾಡಿಸಿದವನು ಹೈದರಾಲಿ. ಆಗ ಇದು 40 ಎಕರೆ ಮಾತ್ರ ಇತ್ತು. ನಮ್ಮ ಶಿರಾದಲ್ಲಿ ಮೊಗಲರ ಕಾಲದ ಒಂದು ತೋಟ ಇತ್ತು. ಅದನ್ನು ಮಾದರಿಯಾಗಿ ಇಟ್ಟುಕೊಂಡು ಲಾಲ್‌ಬಾಗ್ ಮಾಡಿಸಿದನಂತೆ. ಇದನ್ನು ಟೀಚರಮ್ಮ ಹೇಳಿದಾಗ ದೊಡ್ಡಮ್ಮ ಸುಮ್ಮನಿರಲಿಲ್ಲ. "ಹಂಗಾದ್ರೆ ಇದು ನಮ್ಮೂರ ತೋಟದ ಮಗಳು ಅನ್ನಿ!" ಅಂದರು.

ಹೈದರಾಲಿಯ ಮಗ ಟಿಪ್ಪು ಸುಲ್ತಾನ್ ದೂರದ ದೇಶಗಳಿಂದ ಬೀಜ, ಗಿಡ ತರಿಸಿ ನೆಡಿಸಿದನು. 1856ರಲ್ಲಿ ಇದು ಸರ್ಕಾರದ ಸಸ್ಯ ತೋಟ ಆಯಿತು. ಸಸ್ಯ ತೋಟ ಅಂದರೆ ಬರೀ ಅಂದಕ್ಕೆ ಇರುವ ತೋಟ ಅಲ್ಲ. ಗಿಡಮರಗಳನ್ನು ತಂದು ಬೆಳೆಸಿ, ಹೆಸರು ಬರೆದು, ಅವುಗಳ ಗುಣ ತಿಳಿಯುವ ಜಾಗ.

ಇಲ್ಲಿ ಹಲವು ಮರಗಳಿಗೆ ಹೆಸರಿನ ಫಲಕ ಇದೆ. ಒಂದು ಹೊಂಗೆ ಮರದ ಕೆಳಗೆ ನಿಂತೆವು. ಅದಕ್ಕೆ ವಿಜ್ಞಾನದವರು ಇಟ್ಟ ಹೆಸರು 'ಪೊಂಗಾಮಿಯಾ'. "ಇದೆಂಥ ಹೆಸರು?" ಅಂತ ಕೇಳಿದೆ. ಟೀಚರಮ್ಮ ಬಿಡಿಸಿ ಹೇಳಿದರು. ತಮಿಳರು, ಮಲಯಾಳಿಗಳು ಹೊಂಗೆಗೆ ಪೊಂಗು, ಪೊಂಗಂ ಅನ್ನುತ್ತಾರೆ. ಹಳೆಯ ಕನ್ನಡದಲ್ಲಿ ಹಾಲಿಗೆ ಪಾಲ್, ಹೂವಿಗೆ ಪೂ ಅನ್ನುತ್ತಿದ್ದರು. ಮುಂದೆ 'ಪ' ಹೋಗಿ 'ಹ' ಬಂತು. ಅದೇ ರೀತಿ ಪೊಂಗೆ ಹೋಗಿ ಹೊಂಗೆ. ವಿಜ್ಞಾನದವರು ಇಟ್ಟುಕೊಂಡದ್ದು ನಮ್ಮ ಕಡೆಯ ಹೆಸರನ್ನೇ!

ಹುಣಸೆಯದು ಇನ್ನೊಂದು ಕಥೆ. ನಾವು ಬೇಸಿಗೆ ಪೂರ್ತಿ ಹುಣಸೆಹಣ್ಣು ಬಡಿದು ಬೀಜ ತೆಗೆಯುವವರು. ಅರಬ್ಬರು ಹುಣಸೆಹಣ್ಣನ್ನು 'ತಮರ್ ಹಿಂದಿ' ಅಂದರು. ಹಾಗಂದರೆ ಹಿಂದೂಸ್ತಾನದ ಖರ್ಜೂರ. ಇಂಗ್ಲಿಷಿನ 'ಟ್ಯಾಮರಿಂಡ್' ಬಂದದ್ದು ಅದರಿಂದಲೇ. ಆದರೆ ಹುಣಸೆಯ ತವರು ಆಫ್ರಿಕಾ. ಬಹಳ ಹಿಂದೆಯೇ ನಮ್ಮಲ್ಲಿಗೆ ಬಂದು ನಮ್ಮದೇ ಆಗಿಬಿಟ್ಟಿದೆ.

ಸೀಮೆಬದನೆಯೂ ಹಾಗೆಯೇ ಹೊರಗಿನದು. ಅದರ ಮೂಲ ಮೆಕ್ಸಿಕೊ ದೇಶದ ಕಡೆ. ಜಾನ್ ಕ್ಯಾಮರಾನ್ ಎಂಬ ಬ್ರಿಟಿಷ್ ಅಧಿಕಾರಿ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದಾಗ ಅದು ಬೆಂಗಳೂರಿಗೆ ಬಂತು ಅಂತಾರೆ. ತಮಿಳುನಾಡಿನಲ್ಲಿ ಅದನ್ನು ಈಗಲೂ ಬೆಂಗಳೂರು ಬದನೆ ಅಂತ ಕರೆಯುತ್ತಾರೆ. ಅದರ ಬೀಜ ಬಿಡಿಸಿ ನೆಡುವಂತಿಲ್ಲ. ಮೊಳಕೆ ಬಂದ ಇಡೀ ಕಾಯಿಯನ್ನೇ ನೆಡಬೇಕು.

ಆ ಮೇಲೆ ಗಾಜಿನ ಮನೆ ನೋಡಿದೆವು. ಕಬ್ಬಿಣದ ಕಂಬ, ಗಾಜಿನ ಹೊದಿಕೆ. 1889ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದ್ದು. ಜನವರಿ 26 ಮತ್ತು ಆಗಸ್ಟ್ 15ರ ಹಬ್ಬಕ್ಕೆ ಅಲ್ಲಿ ಹೂವಿನ ಪ್ರದರ್ಶನ ಇರುತ್ತದೆ. ಆಗ ಕಾಲಿಡಲು ಜಾಗ ಇರುವುದಿಲ್ಲವಂತೆ.

ಬಂಡೆ ಹತ್ತಿ ಬುತ್ತಿ ಬಿಚ್ಚಬೇಕು ಅಂತ ಆಸೆ ಇತ್ತು. ತಿಂಡಿ ಒಳಗೆ ತರಬಾರದು ಅಂತ ಬೋರ್ಡು ಓದಿದ ಮೇಲೆ ಹೊರಗೆ ಬಂದೇ ಉಂಡೆವು ಅನ್ನಿ. ಆದರೆ ಬಂಡೆ ಹತ್ತಿದೆವು. ಅದರ ಮೇಲೆ ಕೆಂಪೇಗೌಡರ ಗೋಪುರ ಇದೆ. ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಬರೆದು ನೋಡಿ. 3 ಹಾಕಿ ಮುಂದೆ ಒಂಬತ್ತು ಸೊನ್ನೆ ಹಾಕಬೇಕು. ನನಗೆ ಸೊನ್ನೆ ಎಣಿಸುವಾಗ ಎರಡು ಸಲ ತಪ್ಪಿತು.

ಲಾಲ್‌ಬಾಗಿನಲ್ಲಿ ಸಸಿ ಮಾರುವ ಜಾಗವೂ ಇದೆ. ಅಲ್ಲಿ ದೊಡ್ಡಮ್ಮನ ಮುಖ ಬಿಗಿಯಾಯಿತು.

ಅದಕ್ಕೆ ಕಾರಣ ಇದೆ. ಒಂಬತ್ತು ವರ್ಷದ ಹಿಂದೆ ಅವರು ಕೋಳಿ ಮಾರಿದ ದುಡ್ಡಿನಲ್ಲಿ ಸಂತೆಯಿಂದ ಒಂದು ಬಾದಾಮಿ ಮಾವಿನ ಸಸಿ ತಂದಿದ್ದರು. ಮಾರಿದವನು "ಕಸಿ ಗಿಡ ಕಣಮ್ಮ, ನಾಲ್ಕನೇ ವರ್ಷಕ್ಕೆ ಹಣ್ಣು" ಅಂದಿದ್ದ. ಹಣ್ಣು ಬಿಟ್ಟದ್ದು ಎಂಟನೇ ವರ್ಷ. ಅದೂ ಸಣ್ಣ ಕಾಯಿ, ಬರೀ ನಾರು, ಹುಳಿ. "ಓದು ಬಾರದವಳು ಅಂತ ಮೋಸ ಮಾಡಿದ" ಅಂತ ದೊಡ್ಡಮ್ಮ ಇವತ್ತಿಗೂ ಅವನನ್ನು ಬೈಯುತ್ತಾರೆ. ಮರ ಕಡಿದು ಸೌದೆ ಮಾಡೋಣ ಅಂತ ಮನೆಯವರು ಹಟ ಹಿಡಿದಿದ್ದರು.

ದೊಡ್ಡಮ್ಮ ಸಸಿಯ ಚೀಟಿ ಕೈಗೆ ತೆಗೆದುಕೊಂಡು ಓದಿದರು. "ಬಾ-ದಾ-ಮಿ. ಕ-ಸಿ." ಆಮೇಲೆ ಅಲ್ಲಿದ್ದ ಮಾಲಿಯನ್ನು ಕೇಳಿದರು. "ಚೀಟಿ ಓದಿದೆ ಕಣಪ್ಪ. ನಿಜವಾಗಿ ಕಸಿ ಅಂತ ತಿಳಿಯೋದು ಹೆಂಗೆ?"

ಮಾಲಿ ಗಿಡದ ಬುಡ ತೋರಿಸಿದರು. ಬುಡದಿಂದ ಮೇಲಕ್ಕೆ ಕಾಂಡದಲ್ಲಿ ಒಂದು ಗಂಟು ಇತ್ತು. ಗಂಟಿನ ಕೆಳಗೆ ಇರುವುದು ನಾಟಿ ಮಾವು. ವಾಟೆಯಿಂದ ಎದ್ದದ್ದು. ಬೇರು ಅದರದು. ಗಂಟಿನ ಮೇಲೆ ಇರುವುದು ಒಳ್ಳೆಯ ಮರದಿಂದ ತಂದ ಕಡ್ಡಿ. ಎರಡನ್ನೂ ಚಾಕುವಿನಿಂದ ಸವರಿ, ಸೇರಿಸಿ, ಪಟ್ಟಿಯಲ್ಲಿ ಬಿಗಿದು ಕಟ್ಟುತ್ತಾರೆ. ಅವು ಕೂಡಿಕೊಂಡು ಒಂದಾಗುತ್ತವೆ. ಮೇಲಿನ ಕಡ್ಡಿಯಲ್ಲಿ ಬರುವ ಹಣ್ಣು ತಾಯಿಮರದ ಹಣ್ಣಿನಂತೆಯೇ ಇರುತ್ತದೆ. ಬಾದಾಮಿಯ ವಾಟೆ ನೆಟ್ಟರೆ ಹಾಗೆ ಬರುವುದಿಲ್ಲ. ಯಾವ ಮರದ ಪರಾಗ ಬಂದು ಸೇರಿದೆಯೋ ಯಾರಿಗೆ ಗೊತ್ತು?

"ನಿಮ್ಮ ಗಿಡಕ್ಕೆ ಚಿಕ್ಕಂದಿನಲ್ಲಿ ಏನಾದರೂ ಆಗಿತ್ತಾ ಅಮ್ಮ?" ಅಂತ ಮಾಲಿ ಕೇಳಿದರು.

"ಏನಿಲ್ಲ. ಮೊದಲನೇ ವರ್ಷ ನಮ್ಮ ಮೇಕೆ ಮೇಯ್ದಿತ್ತು. ಬುಡದಿಂದ ಮತ್ತೆ ಚೆನ್ನಾಗಿ ಚಿಗುರಿತು."

"ಅಲ್ಲೇ ಆಗಿರಬಹುದು. ಮೇಕೆ ತಿಂದದ್ದು ಗಂಟಿನ ಮೇಲಿನ ಬಾದಾಮಿ. ಚಿಗುರಿದ್ದು ಕೆಳಗಿನ ನಾಟಿ."

ದೊಡ್ಡಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಯ್ಯೋ ಶಿವನೇ. ಒಂಬತ್ತು ವರ್ಷ ಆ ಪುಣ್ಯಾತ್ಮನನ್ನ ಬೈದೆನಲ್ಲ" ಅಂದರು.

ಮಾಲಿ ಇನ್ನೂ ಕೆಲವು ಮಾತು ಹೇಳಿದರು. ನೆಡುವಾಗ ಗಂಟು ಮಣ್ಣಿನಲ್ಲಿ ಹೂತು ಹೋಗಬಾರದು. ಗಂಟಿನ ಕೆಳಗೆ ಚಿಗುರು ಬಂದರೆ ಆಗಾಗ ಚಿವುಟಿ ಹಾಕಬೇಕು. ಕಸಿ ಕೂಡಿದ ಮೇಲೆ ಪಟ್ಟಿ ಬಿಚ್ಚಬೇಕು. ಮೊದಲ ಎರಡು ಮೂರು ವರ್ಷ ಹೂ ಬಂದರೆ ಕಿತ್ತುಬಿಡಬೇಕು. ಆಗ ಗಿಡ ಬಲಿಯುತ್ತದೆ. ಮರದಿಂದ ಮರಕ್ಕೆ ಮೂವತ್ತು ಅಡಿಯಾದರೂ ಬೇಕು. ಎಲ್ಲಕ್ಕಿಂತ ಮೊದಲು ಮುಳ್ಳಿನ ಬೇಲಿ.

"ಹಳೇ ಮರ ಬೇರುಸಹಿತ ತೆಗೀಬೇಡಿ. ಕೊಂಬೆ ಸವರಿ, ಹೊಸ ಚಿಗುರಿಗೆ ಬಾದಾಮಿ ಕಸಿ ಕಟ್ಟಬಹುದು. ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ" ಅಂದರು.

ದೊಡ್ಡಮ್ಮ ಸಸಿ ಕೊಳ್ಳಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಟಿಕೆಟ್ಟಿನ ಹಿಂದೆ ಪೆನ್ನಿನಲ್ಲಿ ಬರೆದುಕೊಂಡರು. 'ತೋಟಗಾರಿಕೆ ಇಲಾಖೆ. ಮರ ಕಡಿಯಬಾರದು. ಮೇಕೆ ಕಟ್ಟಬೇಕು.' 'ಕಡಿಯಬಾರದು' ಬರೆಯುವಾಗ 'ಡಿ'ಗೆ ಗುಡಿಸು ಬಿಟ್ಟಿತ್ತು. ನಾನು ತೋರಿಸಿದೆ. ಅವರೇ ತಿದ್ದಿದರು.

ಬರೆಯಿರಿ: ನಿಮ್ಮ ಮನೆಯ ಸುತ್ತ ಇರುವ ಐದು ಮರಗಳ ಹೆಸರು. ಪ್ರತಿ ಹೆಸರಿನ ಮುಂದೆ ಅದನ್ನು ನೆಟ್ಟವರು ಯಾರು ಅಂತಲೂ ಬರೆಯಿರಿ.