ಯಾರೂ ಮುಟ್ಟದ ಸೆಟ್ಟಿಂಗ್ ಹೇಗಿರಬೇಕು?

ವಿದ್ಯಾರ್ಥಿಗಳೇ, ಹೊಸ ಮೊಬೈಲಿನಲ್ಲಿ ರಿಂಗ್‌ಟೋನ್, ಪರದೆಯ ಬೆಳಕು ಎಲ್ಲಾ ಮೊದಲೇ ನಿಗದಿಯಾಗಿರುತ್ತೆ, ಅಲ್ವೇ? ತಯಾರಿಸಿದವರೇ ಹೀಗೆ ಇಟ್ಟುಕೊಟ್ಟ ಆಯ್ಕೆಗೆ 'ಡಿಫಾಲ್ಟ್' ಎನ್ನುತ್ತಾರೆ. ಹೆಚ್ಚಿನವರು ಅದನ್ನು ಬದಲಿಸುವುದೇ ಇಲ್ಲ. ರಿಂಗ್‌ಟೋನ್ ಆದರೆ ಪರವಾಗಿಲ್ಲ. ಸಾವಿರಾರು ಜನರ ಮಾಹಿತಿ ಇಡುವ ಡೇಟಾಬೇಸ್ ಆದರೆ?

ಒಂದು ಕಂಪ್ಯೂಟರ್ ಕೆಟ್ಟರೂ ಮಾಹಿತಿ ಉಳಿಯಲಿ ಎಂದು ಅದರ ಪ್ರತಿಗಳನ್ನು ಹಲವು ಕಂಪ್ಯೂಟರುಗಳಲ್ಲಿ ಇಡುವುದುಂಟು. ಇಂಥದ್ದನ್ನು ವಿತರಿತ ಡೇಟಾಬೇಸ್ ಎನ್ನುತ್ತಾರೆ. ಮೂರು ಪ್ರತಿ ಇವೆ ಎಂದುಕೊಳ್ಳಿ: ಅ, ಆ, ಇ. ಒಬ್ಬರ ಅಂಕವನ್ನು 45ರಿಂದ 54ಕ್ಕೆ ತಿದ್ದಬೇಕು. ಎಷ್ಟು ಕಂಪ್ಯೂಟರುಗಳು 'ಬರೆದುಕೊಂಡೆ' ಎಂದರೆ ಕೆಲಸ ಮುಗಿಯಿತು ಎನ್ನಬಹುದು?

ಒಂದೇ ಸಾಕು ಎಂದರೆ ಕೆಲಸ ಬೇಗ. ಆದರೆ 'ಅ' ಮಾತ್ರ ಬರೆದುಕೊಂಡು, ಉಳಿದವಕ್ಕೆ ತಿಳಿಸುವ ಮೊದಲೇ ಕೆಟ್ಟರೆ 54 ಕಳೆದುಹೋಯಿತು! ಮೂರೂ ಬೇಕು ಎಂದರೆ, ಒಂದು ಕೆಟ್ಟರೂ ತಿದ್ದುವ ಕೆಲಸವೇ ನಿಂತುಬಿಡುತ್ತದೆ. ಎರಡು, ಅಂದರೆ ಬಹುಮತ, ಎಂದು ಇಟ್ಟರೆ ಒಂದು ಕೆಟ್ಟರೂ ಕೆಲಸ ಸಾಗುತ್ತದೆ. 54 ಇನ್ನೊಂದರಲ್ಲಿ ಉಳಿದಿರುತ್ತದೆ. ಓದುವಾಗಲೂ ಎರಡನ್ನು ಕೇಳಿ, ಹೊಸದನ್ನು ತೆಗೆದುಕೊಳ್ಳಿ. 2+2=4, ಇದು 3ಕ್ಕಿಂತ ಹೆಚ್ಚು. ಆದ್ದರಿಂದ ಬರೆದ ಎರಡರಲ್ಲಿ ಒಂದಾದರೂ ಓದಿದ ಎರಡರಲ್ಲಿ ಇರಲೇಬೇಕು.

ಮೊಂಗೊಡಿಬಿ ಎಂಬ ಡೇಟಾಬೇಸ್‌ನಲ್ಲಿ ಬಹಳ ಕಾಲ 'ಒಂದು ಸಾಕು' ಎಂಬುದೇ ಡಿಫಾಲ್ಟ್ ಆಗಿತ್ತು. 2021ರಲ್ಲಿ ಬಂದ 5.0 ಆವೃತ್ತಿಯಿಂದ ಸಾಮಾನ್ಯವಾಗಿ ಬಹುಮತವೇ ಡಿಫಾಲ್ಟ್.

ಅದರದೇ ಇನ್ನೊಂದು ಪಾಠ ನೋಡಿ. ಅದರಲ್ಲಿ ಪಾಸ್‌ವರ್ಡ್ ಸೌಲಭ್ಯ ಇತ್ತು, ಆದರೆ ಡಿಫಾಲ್ಟ್ ಆಗಿ ಚಾಲೂ ಇರಲಿಲ್ಲ. ಹಳೆಯ ಆವೃತ್ತಿಗಳು ಹೊರಗಿನ ಸಂಪರ್ಕವನ್ನೂ ಸ್ವೀಕರಿಸುತ್ತಿದ್ದವು. ಮನೆಗೆ ಬೀಗ ಇದೆ, ಹಾಕಿಲ್ಲ ಎಂಬಂತೆ! 2017ರ ಜನವರಿಯಲ್ಲಿ ಕಳ್ಳರು ಹೀಗೆ ತೆರೆದಿದ್ದ ಸಾವಿರಾರು ಡೇಟಾಬೇಸ್‌ಗಳನ್ನು ಅಳಿಸಿ, ಹಣ ಕೇಳಿದರು. ಅದೇ ವರ್ಷದ ಕೊನೆಗೆ ಬಂದ 3.6 ಆವೃತ್ತಿ, ನಾವಾಗಿ ಬದಲಿಸದಿದ್ದರೆ, ಅದೇ ಕಂಪ್ಯೂಟರಿನ ಸಂಪರ್ಕವನ್ನು ಮಾತ್ರ ಸ್ವೀಕರಿಸುತ್ತದೆ.

ಹಾಗಾದರೆ ನಿಯಮ ಏನು? ಏನೂ ಓದದೆ ಬಳಸುವವನಿಗೂ ನಷ್ಟವಾಗದಂಥದ್ದು ಡಿಫಾಲ್ಟ್ ಆಗಿರಬೇಕು. ವೇಗ ಬೇಕಾದವನು ತಿಳಿದೇ ಸಡಿಲಿಸಿಕೊಳ್ಳಲಿ. ವೇಗವೇ ಡಿಫಾಲ್ಟ್ ಆದರೆ, ಸುರಕ್ಷತೆ ಬೇಕಾದವನಿಗೆ ಅದು ಇಲ್ಲವೆಂದು ಗೊತ್ತಾಗುವುದು ಮಾಹಿತಿ ಹೋದ ಮೇಲೆ.

ಮಾಡಿ ನೋಡಿ:
1. ಐದು ಪ್ರತಿ ಇದ್ದರೆ ಬಹುಮತ ಎಷ್ಟು? ಎಷ್ಟು ಕೆಟ್ಟರೂ ಕೆಲಸ ಸಾಗುತ್ತದೆ?
2. ನಾಲ್ಕು ಪ್ರತಿ ಇಟ್ಟರೆ ಮೂರಕ್ಕಿಂತ ಹೆಚ್ಚು ಕೆಡುಕು ತಾಳಬಹುದೇ? ಲೆಕ್ಕ ಹಾಕಿ, ಕಾರಣ ಬರೆಯಿರಿ.