ನಾಯಕತ್ವದ ಎರಡು ಅರ್ಥಗಳು: ಆಲ್ಬರ್ಟ್ ಲುಥುಲಿಯವರ ನಿದರ್ಶನ

ಕನ್ನಡದ 'ನಾಯಕ' ಶಬ್ದಕ್ಕೆ ಎರಡು ಅರ್ಥಛಾಯೆಗಳಿವೆ. ಪದವಿಯ ಬಲದಿಂದ ಆಳುವವನು ಒಬ್ಬ. ಜನರು ತಾವಾಗಿ ಒಪ್ಪಿ ಅನುಸರಿಸುವ ಮುಂದಾಳು ಇನ್ನೊಬ್ಬ. ಇವೆರಡೂ ಒಬ್ಬರಲ್ಲೇ ಕೂಡಿರುವಾಗ ಅವುಗಳ ಅಂತರ ಗೋಚರಿಸದು. ಪದವಿಯನ್ನು ಕಿತ್ತುಕೊಂಡಾಗ ಮಾತ್ರ ಎರಡನೆಯ ಅರ್ಥದ ಸತ್ವ ಪ್ರಕಟವಾಗುತ್ತದೆ. ದಕ್ಷಿಣ ಆಫ್ರಿಕದ ಆಲ್ಬರ್ಟ್ ಲುಥುಲಿಯವರ ಜೀವನ ಇದಕ್ಕೆ ನಿದರ್ಶನ.

ಲುಥುಲಿ ಮೂಲತಃ ಅಧ್ಯಾಪಕರು. ಆಡಮ್ಸ್ ಕಾಲೇಜಿನಲ್ಲಿ ಜುಲು ಸಾಹಿತ್ಯ, ಇತಿಹಾಸ ಹಾಗೂ ಸಂಗೀತವನ್ನು ಬೋಧಿಸುತ್ತಿದ್ದ ಅವರು 1936ರಲ್ಲಿ ನಟಾಲ್ ಪ್ರಾಂತದ ಗ್ರೌಟ್‌ವಿಲ್ ಸಮುದಾಯದ ಮುಖ್ಯಸ್ಥರಾದರು. ಅದು ವಂಶಪರಂಪರೆಯಿಂದ ಬಂದ ಪದವಿಯಲ್ಲ. ಜನರ ಆಯ್ಕೆಗೆ ಸರಕಾರದ ಮನ್ನಣೆ ದೊರೆತು ಬಂದುದು. ಊರ ವ್ಯಾಜ್ಯಗಳ ತೀರ್ಮಾನ, ಕಬ್ಬು ಬೆಳೆಗಾರರ ಸಂಘಟನೆ ಅವರ ಆರಂಭದ ಕಾರ್ಯಗಳು. 1938ರಲ್ಲಿ ಚೆನ್ನೈ ಬಳಿಯ ತಾಂಬರಂನಲ್ಲಿ ನಡೆದ ಅಂತರರಾಷ್ಟ್ರೀಯ ಕ್ರೈಸ್ತ ಸಮ್ಮೇಳನಕ್ಕೂ ಅವರು ಬಂದಿದ್ದರು.

1948ರಲ್ಲಿ ವರ್ಣಭೇದವು ಅಧಿಕೃತ ರಾಜನೀತಿಯಾಯಿತು. ಮರುವರ್ಷ ಡರ್ಬನ್‌ನಲ್ಲಿ ಆಫ್ರಿಕನ್ನರಿಗೂ ಭಾರತೀಯರಿಗೂ ನಡುವೆ ಭೀಕರ ಗಲಭೆ ನಡೆಯಿತು. ಆ ಗಾಯ ಇನ್ನೂ ಹಸಿಯಾಗಿರುವಾಗಲೇ, 1952ರಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸು ಅಲ್ಲಿನ ಭಾರತೀಯರ ಕಾಂಗ್ರೆಸ್ಸಿನೊಡಗೂಡಿ ಅಹಿಂಸಾತ್ಮಕ ಕಾನೂನುಭಂಗ ಚಳವಳಿಯನ್ನು ಕೈಗೊಂಡಿತು. ಎಂಟು ಸಾವಿರಕ್ಕೂ ಮಿಕ್ಕಿ ಜನರು ಸೆರೆಮನೆ ಸೇರಿದರು. ನಟಾಲಿನಲ್ಲಿ ಇದರ ಮುಂದಾಳು ಲುಥುಲಿ. ಕಾಂಗ್ರೆಸ್ಸನ್ನು ಬಿಡಬೇಕು, ಇಲ್ಲವೆ ಮುಖ್ಯಸ್ಥನ ಪದವಿಯನ್ನು ತೊರೆಯಬೇಕು ಎಂದು ಸರಕಾರ ವಿಧಿಸಿತು. ಅವರು ಎರಡನ್ನೂ ಬಿಡಲೊಪ್ಪಲಿಲ್ಲ. ನವೆಂಬರಿನಲ್ಲಿ ಸರಕಾರ ಅವರನ್ನು ಪದಚ್ಯುತಗೊಳಿಸಿತು; ಡಿಸೆಂಬರಿನಲ್ಲಿ ಕಾಂಗ್ರೆಸ್ಸು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಪದವಿ ಹೋದರೂ ಜನರು ಕೊನೆಯವರೆಗೂ ಅವರನ್ನು ಮುಖ್ಯಸ್ಥರೆಂದೇ ಕರೆದರು.

ಮುಂದಿನ ವರ್ಷಗಳು ನಿರ್ಬಂಧದ ವರ್ಷಗಳು. 1960ರಲ್ಲಿ ಷಾರ್ಪ್‌ವಿಲ್ ಹತ್ಯಾಕಾಂಡದ ತರುವಾಯ ಲುಥುಲಿ ತಮ್ಮ ಪಾಸ್ ಪುಸ್ತಕವನ್ನು ಬಹಿರಂಗವಾಗಿ ಸುಟ್ಟರು. ಆ ವರ್ಷದ ನೊಬೆಲ್ ಶಾಂತಿ ಪಾರಿತೋಷಕವನ್ನು 1961ರ ಡಿಸೆಂಬರಿನಲ್ಲಿ ಸ್ವೀಕರಿಸಿದರು. ಅದನ್ನು ಪಡೆದ ಆಫ್ರಿಕದ ಮೊದಲಿಗರು ಅವರು. ಅದಾದ ಕೆಲವೇ ದಿನಗಳಲ್ಲಿ ಚಳವಳಿಯ ಸಶಸ್ತ್ರ ವಿಭಾಗ ತನ್ನ ಮೊದಲ ಸ್ಫೋಟಗಳನ್ನು ನಡೆಸಿತು. ಇಲ್ಲಿಯೇ ಅವರ ನಾಯಕತ್ವದ ಕಠಿಣ ಪರೀಕ್ಷೆ ಅಡಗಿದೆ. ಅವರು ಅಹಿಂಸೆಯನ್ನು ಕೈಬಿಡಲಿಲ್ಲ. ಆದರೆ 1964ರಲ್ಲಿ ಮಂಡೇಲಾ ಮೊದಲಾದವರಿಗೆ ಜೀವಾವಧಿ ಶಿಕ್ಷೆಯಾದಾಗ ಆ ಸಂಗಾತಿಗಳನ್ನು ನಿಂದಿಸಲೂ ಇಲ್ಲ. ಶಾಂತಿಯ ಬಾಗಿಲುಗಳನ್ನೆಲ್ಲ ಮುಚ್ಚಿದ ಪ್ರಭುತ್ವದ ಕಡೆಗೇ ಬೆರಳು ತೋರಿದರು. ನ್ಯಾಯವನ್ನು ಹೊರಗಿಟ್ಟ ಶಾಂತಿ ಕೇವಲ ಮೌನವೆಂಬುದು ಅವರ ನಿಲುವಿನ ತಾತ್ಪರ್ಯ.

1967ರಲ್ಲಿ ಅವರು ಗ್ರೌಟ್‌ವಿಲ್ ಸಮೀಪದ ರೈಲುಮಾರ್ಗದ ಬಳಿ ಗಾಯಗೊಂಡು ಮೃತರಾದರು. ರೈಲು ಬಡಿದ ಅಪಘಾತವೆಂದು ಅಂದಿನ ವಿಚಾರಣೆ ಹೇಳಿತು. 2025ರಲ್ಲಿ ನ್ಯಾಯಾಲಯವು ಅದನ್ನು ತಳ್ಳಿಹಾಕಿ, ಹಲ್ಲೆಯೇ ಸಾವಿಗೆ ಕಾರಣವೆಂದು ತೀರ್ಮಾನಿಸಿತು. ಪದವಿಯನ್ನು ಕಸಿದವರು ಪ್ರಾಣವನ್ನೂ ಕಸಿದರು. 'ನಾಯಕ' ಶಬ್ದದ ಎರಡನೆಯ ಅರ್ಥವನ್ನು ಕಸಿಯುವುದು ಮಾತ್ರ ಅವರಿಂದ ಆಗಲಿಲ್ಲ.