ಅಕ್ಕಸಾಲಿಗನ ವಿದ್ಯೆ

ನಮ್ಮ ನಾಡಿನ ಬಾಳಿನಲ್ಲಿ ಚಿನ್ನಕ್ಕೆ ವಿಶೇಷವಾದ ಸ್ಥಾನವಿದೆ. ಮಗುವಿನ ಕಿವಿ ಚುಚ್ಚುವಾಗ ಮುರುವು ಬೇಕು; ಮದುವೆಯಲ್ಲಿ ತಾಳಿ ಬೇಕು. ಬಡವನ ಮನೆಯಲ್ಲಿಯೂ ಗುಂಜಿ ತೂಕದ ಚಿನ್ನವೊಂದು ಆಪತ್ಕಾಲಕ್ಕೆಂದು ಪೆಟ್ಟಿಗೆಯ ತಳದಲ್ಲಿರುತ್ತದೆ. ಈ ಚಿನ್ನಕ್ಕೆ ರೂಪು ಕೊಡುವವನೇ ಅಕ್ಕಸಾಲಿಗ. ಚಿನಿವಾರ, ಪತ್ತಾರ ಎಂಬ ಹೆಸರುಗಳೂ ಅವನಿಗೆ ಉಂಟು. ಈ ವೃತ್ತಿಯನ್ನು ಕೈಗೊಳ್ಳುವವರು ಕೈಚಳಕವೊಂದನ್ನು ಸಾಧಿಸಿದರೆ ಸಾಲದು. ಪರರ ಚಿನ್ನವನ್ನು ತಮ್ಮ ವಶದಲ್ಲಿಟ್ಟುಕೊಳ್ಳುವ ಯೋಗ್ಯತೆಯನ್ನೂ ಸಂಪಾದಿಸಬೇಕು.

ಹಿಂದೆ ಈ ವಿದ್ಯೆ ಬಹುಮಟ್ಟಿಗೆ ತಂದೆಯಿಂದ ಮಗನಿಗೆ ಇಳಿದುಬರುತ್ತಿತ್ತು. ಕಲಿಯಲು ಕುಳಿತ ಹುಡುಗನ ಕೈಗೆ ಮೊದಲ ದಿನವೇ ಚಿನ್ನ ದೊರೆಯುತ್ತಿರಲಿಲ್ಲ. ಅಗ್ಗಿಷ್ಟಿಕೆಗೆ ಇದ್ದಲು ಹಾಕುವುದು, ಹಿರಿಯರು ಕೇಳಿದ ಚಿಮ್ಮಟವನ್ನೋ ಅರವನ್ನೋ ತೆಗೆದುಕೊಡುವುದು, ಸಂಜೆ ಕೆಲಸದ ಜಾಗವನ್ನು ಗುಡಿಸುವುದು, ಇವು ಅವನ ಪಾಲಿನ ಕೆಲಸಗಳು. ಗುಡಿಸುವುದೂ ಒಂದು ಪಾಠವೇ ಆಗಿತ್ತು. ಅರದಿಂದ ಉಜ್ಜುವಾಗ ಉದುರಿದ ಪುಡಿ ಕಸದಲ್ಲಿ ಸೇರಿರುತ್ತದೆ. ಆ ಕಸವನ್ನು ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುವುದೇ ಒಂದು ಕಸುಬು. ಅದನ್ನು ಮಾಡುವವನಿಗೆ ಜಲಗಾರನೆಂದು ಹೆಸರು. ಧೂಳಿಗೂ ಲೆಕ್ಕವುಂಟೆಂಬುದನ್ನು ಹುಡುಗ ಹೀಗೆ ಅರಿಯುತ್ತಿದ್ದನು. ಬಳಿಕ ತಾಮ್ರ, ಆಮೇಲೆ ಬೆಳ್ಳಿ, ಕೊನೆಗೆ ಚಿನ್ನ. ತಾಮ್ರದಲ್ಲಿ ಆದ ತಪ್ಪು ಕೆಲವು ಕಾಸಿನ ನಷ್ಟ; ಚಿನ್ನದಲ್ಲಿ ಆದ ತಪ್ಪು ಒಂದು ಸಂಸಾರದ ಉಳಿತಾಯಕ್ಕೆ ತಗಲುವ ಪೆಟ್ಟು.

ಅಪ್ಪಟ ಚಿನ್ನ ಬಹಳ ಮೆದುವಾದ ಲೋಹ. ಆದ್ದರಿಂದ ಒಡವೆಗೆ ತಾಮ್ರವನ್ನೋ ಬೆಳ್ಳಿಯನ್ನೋ ಸ್ವಲ್ಪ ಬೆರೆಸುತ್ತಾರೆ. 22 ಕ್ಯಾರಟ್ ಚಿನ್ನವೆಂದರೆ ಸಾವಿರ ಭಾಗದಲ್ಲಿ 916 ಭಾಗ ಚಿನ್ನವಿರುವ ಲೋಹ. ಅದನ್ನು ಮೂಸೆಯಲ್ಲಿ ಕರಗಿಸಿ, ಬಡಿದು, ತಂತಿಯಾಗಿ ಎಳೆಯಬೇಕು. ಬಡಿದಷ್ಟೂ ಲೋಹ ಗಡುಸಾಗುತ್ತದೆ. ಇನ್ನೂ ಬಡಿದರೆ ಬಿರುಕು ಬಿಡುತ್ತದೆ. ಆಗ ಅದನ್ನು ಕಾಯಿಸಿ ಮತ್ತೆ ಮೆದುಗೊಳಿಸಬೇಕು. ಬೆಸುಗೆಯ ಕೆಲಸ ಇನ್ನೂ ಸೂಕ್ಷ್ಮವಾದುದು. ಬೆಸುಗೆಯ ಲೋಹ ಕರಗಬೇಕು, ಒಡವೆ ಕರಗಬಾರದು. ಬಿಳಿಗಾರವನ್ನು ಹಚ್ಚಿ, ಊದುಗೊಳವೆಯಿಂದ ಉರಿಯನ್ನು ಹಾಯಿಸುವಾಗ, ಇವೆರಡರ ನಡುವಿನ ಕ್ಷಣವನ್ನು ಕಣ್ಣು ಗುರುತಿಸಬೇಕು. ಈ ಹದವನ್ನು ಮಾತಿನಲ್ಲಿ ಹೇಳಿಕೊಡಲು ಬರುವುದಿಲ್ಲ. ಗುರುವಿನ ಬಳಿ ವರ್ಷಗಟ್ಟಲೆ ಕುಳಿತೇ ಪಡೆಯಬೇಕು.

ಕೊಡಗಿನ ಹೆಂಗಸರು ಧರಿಸುವ ಜೋಮಾಲೆಯನ್ನು ನೋಡಿದರೆ ಈ ವೃತ್ತಿಯ ಇನ್ನೊಂದು ಮುಖ ಕಾಣುತ್ತದೆ. ಅದರ ಗುಂಡುಗಳು ತೆಳುವಾದ ಚಿನ್ನದ ತಗಡಿನವು. ಒಳಗೆ ಅರಗು ತುಂಬಿರುತ್ತದೆ. ಕಡಿಮೆ ಚಿನ್ನದಲ್ಲಿ ತುಂಬಿದ ಒಡವೆ ಮಾಡುವ ಜಾಣ್ಮೆ ಇದು. ಆದರೆ ಒಳಗಿನ ಅರಗೆಷ್ಟು, ಹೊರಗಿನ ಚಿನ್ನವೆಷ್ಟು ಎಂಬುದು ಕೊಳ್ಳುವವರ ಕಣ್ಣಿಗೆ ಕಾಣದು. ಅಲ್ಲಿ ಅಕ್ಕಸಾಲಿಗನ ಮಾತೇ ಪ್ರಮಾಣ. ಅಕ್ಕನ ಚಿನ್ನವಾದರೂ ಅಕ್ಕಸಾಲಿಗ ಬಿಡನೆಂಬ ಗಾದೆ ಹುಟ್ಟಿದ್ದು ಈ ಸಂಶಯದಿಂದಲೇ. ಪ್ರಾಮಾಣಿಕನಾದ ಅಕ್ಕಸಾಲಿಗ ಜೀವಮಾನವಿಡೀ ಆ ಗಾದೆಯನ್ನು ಸುಳ್ಳು ಮಾಡುತ್ತ ದುಡಿಯಬೇಕಾಗುತ್ತದೆ. ಹಿಂದೆ ಚಿನ್ನದ ಸತ್ಯವನ್ನು ಒರೆಗಲ್ಲು ಹೇಳುತ್ತಿತ್ತು. ಇಂದು ಅದರ ಜೊತೆಗೆ ಹಾಲ್‌ಮಾರ್ಕ್ ಮುದ್ರೆಯೂ ಬಂದಿದೆ. 2021ರ ಜೂನ್ ತಿಂಗಳಿನಿಂದ ಅದು ಹಂತಹಂತವಾಗಿ ಜಿಲ್ಲೆಗಳಲ್ಲಿ ಕಡ್ಡಾಯವಾಗುತ್ತ ಬಂದಿತು.

ಈ ವೃತ್ತಿ ಕಷ್ಟಗಳನ್ನೂ ಕಂಡಿದೆ. 1963ರಲ್ಲಿ ಕೇಂದ್ರ ಸರ್ಕಾರವು ಚಿನ್ನದ ನಿಯಂತ್ರಣದ ನಿಯಮಗಳನ್ನು ಜಾರಿಗೆ ತಂದು, 14 ಕ್ಯಾರಟ್‌ಗಿಂತ ಹೆಚ್ಚಿನ ಮಟ್ಟದ ಹೊಸ ಒಡವೆಗಳನ್ನು ಮಾಡಬಾರದೆಂದು ವಿಧಿಸಿತು. ಜನ ಅಂಥ ಒಡವೆಯನ್ನು ಒಪ್ಪಲಿಲ್ಲ, ಅಗ್ಗಿಷ್ಟಿಕೆಗಳು ಆರಿದವು. ದೇಶದಾದ್ಯಂತ ಅಸಂಖ್ಯ ಕುಟುಂಬಗಳು ಅನ್ನಕ್ಕೆ ಪರದಾಡಿದವು. ಮಟ್ಟದ ಮಿತಿ ಮುಂದೆ ತೆರವಾದರೂ, 1968ರಲ್ಲಿ ಬಂದ ಚಿನ್ನ ನಿಯಂತ್ರಣ ಕಾಯಿದೆ 1990ರಲ್ಲಿ ರದ್ದಾಗುವವರೆಗೂ ಕಟ್ಟುಪಾಡುಗಳು ಉಳಿದವು. ಅಷ್ಟರಲ್ಲಿ ಎಷ್ಟೋ ಮನೆಗಳ ಮಕ್ಕಳು ಬೇರೆ ದಾರಿ ಹಿಡಿದಿದ್ದರು. ಒಂದು ತಲೆಮಾರು ಕೈಬಿಟ್ಟ ವಿದ್ಯೆಯನ್ನು ಮುಂದಿನ ತಲೆಮಾರು ಮತ್ತೆ ಪಡೆಯುವುದು ಸುಲಭವಲ್ಲ.

ಇಂದು ಈ ವಿದ್ಯೆಯ ಬಾಗಿಲು ಕುಲದ ಗೋಡೆಯನ್ನು ದಾಟಿ ತೆರೆದಿದೆ. ಹುಡುಗಿಯರೂ ಆಭರಣ ವಿನ್ಯಾಸವನ್ನು ಶಾಲೆಗಳಲ್ಲಿ ಕಲಿಯುತ್ತಿದ್ದಾರೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದು, ಮೇಣದ ಅಚ್ಚು ತೆಗೆದು, ಒಂದೇ ಮಾದರಿಯ ಅನೇಕ ಒಡವೆಗಳನ್ನು ಎರಕ ಹೊಯ್ಯುತ್ತಾರೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗನ ಕಸುಬೂ ಒಂದು. ಈ ಕೆಲಸದಲ್ಲಿ ತೊಡಗಿರುವ, 18 ವರ್ಷ ತುಂಬಿದವರಿಗೆ ಅದರಲ್ಲಿ ತರಬೇತಿಯೂ ಉಪಕರಣಗಳಿಗಾಗಿ 15,000 ರೂಪಾಯಿಗಳವರೆಗೆ ನೆರವೂ ಸಲ್ಲುತ್ತದೆ.

ಯಂತ್ರ ಬಂದಿತೆಂದು ಕೈಯ ಬೆಲೆ ಇಳಿಯಲಿಲ್ಲ. ಎರಕದಿಂದ ಬಂದ ಒಡವೆಯನ್ನು ಅರದಿಂದ ಉಜ್ಜಿ ನಯಗೊಳಿಸುವುದು, ಹರಳು ಕೂರಿಸುವುದು, ಅಜ್ಜಿಯ ಕಾಲದ ಮುರಿದ ಓಲೆಯನ್ನು ಕುಂದು ಕಾಣದಂತೆ ಬೆಸೆಯುವುದು, ಇವು ಪಳಗಿದ ಕೈಯನ್ನೇ ಬೇಡುತ್ತವೆ. ಉಪಕರಣವನ್ನು ಹಣ ಕೊಟ್ಟು ತರಬಹುದು. ಹದವನ್ನು ಅಭ್ಯಾಸದಿಂದ ಪಡೆಯಬಹುದು. ಆದರೆ ಓಲೆಯನ್ನು ಬಿಚ್ಚಿಕೊಟ್ಟ ಮುದುಕಿ ತೂಕವನ್ನೂ ಕೇಳದೆ ನಿಶ್ಚಿಂತೆಯಿಂದ ಮನೆಗೆ ಹಿಂದಿರುಗುವಳಲ್ಲ, ಆ ನಂಬಿಕೆಯನ್ನು ದಿನದಿನವೂ ದುಡಿದೇ ಗಳಿಸಬೇಕು. ಒರೆಗಲ್ಲಿನ ಮೇಲೆ ಉಜ್ಜುವುದು ಚಿನ್ನವನ್ನಾದರೂ, ಅಲ್ಲಿ ಮೂಡುವ ಗೆರೆ ಅಕ್ಕಸಾಲಿಗನ ನಡತೆಯದೂ ಹೌದು.